ಪ್ಯೂರಿಟನ್ನರು ಯಾಕೆ ಅಷ್ಟೊಂದು ಬರೆದರು?

ಎಂ.ಎ. ಇಂಗ್ಲಿಷ್ ತರಗತಿಯಲ್ಲಿ ಅಮೆರಿಕನ್ ಸಾಹಿತ್ಯದ ಪಾಠ ಶುರುವಾಗುವುದೇ ಪ್ಯೂರಿಟನ್ನರಿಂದ, ಅಂದರೆ 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದು ನೆಲೆಸಿದ ಕಟ್ಟಾ ಪ್ರಾಟೆಸ್ಟಂಟ್ ಕ್ರೈಸ್ತರಿಂದ. ಅವರು ಯಾರು ಅಂತ ಕೇಳಿದರೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ. ಕಪ್ಪು ಬಟ್ಟೆಯವರು, ಮುಖ ಗಂಟು ಹಾಕಿಕೊಂಡವರು, ಮಾಟಗಾತಿಯರು ಅಂತ ಹೇಳಿ ಅಮಾಯಕರನ್ನು ನೇಣಿಗೆ ಹಾಕಿದವರು. ಇದು ಪೂರ್ತಿ ಸುಳ್ಳಲ್ಲ. 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ 19 ಜನರನ್ನು ನಿಜವಾಗಿಯೂ ಗಲ್ಲಿಗೇರಿಸಿದರು. ಆದರೆ ನಮ್ಮ ತಲೆಯಲ್ಲಿರುವ ಚಿತ್ರ ಹೆಚ್ಚಾಗಿ ಬಂದಿರುವುದು ಹಾಥಾರ್ನ್ ಅವರ 1850ರ ಕಾದಂಬರಿ ‘ದಿ ಸ್ಕಾರ್ಲೆಟ್ ಲೆಟರ್’ನಿಂದ, ಆರ್ಥರ್ ಮಿಲ್ಲರ್ ಅವರ 1953ರ ನಾಟಕ ‘ದಿ ಕ್ರೂಸಿಬಲ್’ನಿಂದ. ಹಾಥಾರ್ನ್ ಅವರ ಪೂರ್ವಜರೊಬ್ಬರು ಸೇಲಂ ವಿಚಾರಣೆಯಲ್ಲಿ ನ್ಯಾಯಾಧೀಶರಾಗಿದ್ದರು. ಆ ಭಾರ ಹೊತ್ತುಕೊಂಡೇ ಅವರು ಬರೆದದ್ದು. ಅದನ್ನು ಓದಿ. ಆದರೆ ಮೊದಲು ಪ್ಯೂರಿಟನ್ನರು ತಾವೇ ಬರೆದದ್ದನ್ನು ಓದಿ ಅನ್ನುವುದು ನನ್ನ ಆಗ್ರಹ.

ಅವರು ಬರೆದದ್ದೇನೂ ಕಡಿಮೆಯಲ್ಲ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಪ್ಲಿಮತ್‌ಗೆ ಬಂದವರು 102 ಜನ. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅರ್ಧಕ್ಕರ್ಧ ಜನ ಸತ್ತರು. ಇವರ ಮುಂದಾಳುಗಳು ಇಂಗ್ಲೆಂಡಿನ ಚರ್ಚ್‌ ಜೊತೆ ಸಂಬಂಧವನ್ನೇ ಕಡಿದುಕೊಂಡು ಬಂದವರು. ಹತ್ತು ವರ್ಷದ ನಂತರ, 1630ರಲ್ಲಿ, ಜಾನ್ ವಿನ್‌ಥ್ರಪ್ ಜೊತೆ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂದ ದೊಡ್ಡ ಗುಂಪು ಚರ್ಚ್ ಬಿಡದೆ ಅದನ್ನೇ ಶುದ್ಧ ಮಾಡಬೇಕು ಅನ್ನುವವರದ್ದು. ಬಂದು ಆರು ವರ್ಷಕ್ಕೆ ಹಾರ್ವರ್ಡ್ ಕಾಲೇಜು ಸ್ಥಾಪಿಸಿದರು. ಹತ್ತು ವರ್ಷಕ್ಕೆ ತಮ್ಮದೇ ಅಚ್ಚುಕೂಟದಲ್ಲಿ ಬೈಬಲಿನ ಕೀರ್ತನೆಗಳ ಪುಸ್ತಕ ಅಚ್ಚಾಯಿತು. 50 ಮನೆ ಇರುವ ಪ್ರತಿ ಊರೂ ಮಕ್ಕಳಿಗೆ ಓದು ಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ಇಡಬೇಕು ಅಂತ 1647ರಲ್ಲಿ ಕಾನೂನು ಮಾಡಿದರು. ಓದು ಬಾರದವನು ಬೈಬಲ್ ಓದಲಾರ, ಬೈಬಲ್ ಓದದವನನ್ನು ಸೈತಾನ ಸುಲಭವಾಗಿ ಮೋಸ ಮಾಡುತ್ತಾನೆ ಅನ್ನುವುದು ಆ ಕಾನೂನಿನಲ್ಲೇ ಬರೆದಿದ್ದ ಕಾರಣ.

ಇಷ್ಟೊಂದು ಅಕ್ಷರದ ಹಸಿವು ಯಾಕೆ? ಉತ್ತರ ಅವರ ನಂಬಿಕೆಯ ನಡುಮಧ್ಯದಲ್ಲೇ ಇದೆ. 16ನೇ ಶತಮಾನದ ಧರ್ಮಸುಧಾರಕ ಕ್ಯಾಲ್ವಿನ್‌ ಬೋಧಿಸಿದಂತೆ, ಯಾರು ಉದ್ಧಾರವಾಗಬೇಕು ಅಂತ ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನಿಸಿದ್ದಾನೆ. ದಾನ ಧರ್ಮ ಮಾಡಿ ಆ ತೀರ್ಮಾನ ಬದಲಾಯಿಸಲು ಆಗುವುದಿಲ್ಲ. ‘ಹಾಗಾದ್ರೆ ಒಳ್ಳೆಯವರಾಗಿ ಯಾಕೆ ಬದುಕಬೇಕು ಸರ್?’ ಅಂತ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ದೇವರು ಆರಿಸಿಕೊಂಡವರ ಬದುಕಿನಲ್ಲಿ, ಮನಸ್ಸಿನಲ್ಲಿ ಅದರ ಗುರುತು ಕಾಣಿಸುತ್ತದೆ ಅಂತ ಅವರು ನಂಬಿದ್ದರು. ಹಾಗಾಗಿ ಗುರುತು ಹುಡುಕುವುದೇ ದಿನದ ಕೆಲಸವಾಯಿತು. ‘ನಾನು ಖಂಡಿತ ಉಳಿದೆ’ ಅನ್ನುವ ಧೈರ್ಯ ಬಂದರೆ ಅದೂ ಅಪಾಯವೇ, ಯಾಕೆಂದರೆ ಅದು ಅಹಂಕಾರ ಇರಬಹುದು. ಈ ಕೊನೆಯಿಲ್ಲದ ತಪಾಸಣೆಗೆ ಡೈರಿ ಬೇಕಾಯಿತು. 1630ರ ದಶಕದ ನಡುವಿನ ಹೊತ್ತಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚ್ ಸದಸ್ಯರಾಗಬೇಕಾದರೆ ತಮ್ಮ ಮನಸ್ಸು ದೇವರ ಕಡೆ ತಿರುಗಿದ ಕತೆಯನ್ನು ಸಭೆಗೆ ಹೇಳಬೇಕಿತ್ತು. ಥಾಮಸ್ ಶೆಪರ್ಡ್ ಅನ್ನುವ ಪಾದ್ರಿ ತಮ್ಮ ಚರ್ಚಿನಲ್ಲಿ ಜನ ಹೇಳಿದ್ದನ್ನು ಬರೆದಿಟ್ಟರು. ಅದರಲ್ಲಿ ಮನೆಗೆಲಸದವರ ಮಾತೂ ಇದೆ.

ಮನಸ್ಸಿನಲ್ಲಿ ಗುರುತು ಹುಡುಕುವವರು ಹೊರಗೂ ಹುಡುಕುತ್ತಾರೆ. ವಿನ್‌ಥ್ರಪ್ ದಿನಚರಿಯ 1640ರ ಒಂದು ಟಿಪ್ಪಣಿ ನೋಡಿ. ಅವರ ಮಗನ ಕೋಣೆಯಲ್ಲಿ ಸಾವಿರಕ್ಕೂ ಜಾಸ್ತಿ ಪುಸ್ತಕ ಇದ್ದವು, ಪಕ್ಕದಲ್ಲೇ ಧಾನ್ಯ. ಇಲಿ ಬರದೆ ಇರುತ್ತದೆಯೇ? ಒಂದು ಪುಸ್ತಕದಲ್ಲಿ ಗ್ರೀಕ್ ಹೊಸ ಒಡಂಬಡಿಕೆ, ಕೀರ್ತನೆಗಳು, ಪ್ಯೂರಿಟನ್ನರಿಗೆ ಸರಿಬಾರದ ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕ ಮೂರನ್ನೂ ಸೇರಿಸಿ ಬೈಂಡ್ ಮಾಡಿತ್ತು. ಇಲಿ ಪ್ರಾರ್ಥನಾ ಪುಸ್ತಕದ ಒಂದೊಂದು ಹಾಳೆಯನ್ನೂ ತಿಂದಿತ್ತು. ಉಳಿದ ಎರಡನ್ನು ಮುಟ್ಟಿರಲಿಲ್ಲ. ಒಂದು ಇಡೀ ವಸಾಹತಿಗೆ ಹಲವು ವರ್ಷ ಗವರ್ನರ್ ಆಗಿದ್ದ ಮನುಷ್ಯ ಇದನ್ನು ಗಮನಿಸಬೇಕಾದ ಸಂಗತಿ ಅಂತ ಬರೆದಿಟ್ಟರು. ನಗುವುದು ಸುಲಭ. ಆದರೆ ಅವರ ಪಾಲಿಗೆ ಸುಮ್ನೆ ಆಗುವ ಘಟನೆ ಅಂತ ಒಂದೂ ಇರಲಿಲ್ಲ ಅನ್ನುವುದು ಈ ಟಿಪ್ಪಣಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಯಾವ ಪ್ರವಚನದಲ್ಲೂ ಕಾಣುವುದಿಲ್ಲ.

ಈ ಕಣ್ಣಿಗೆ ತನ್ನದೇ ನಷ್ಟ ಬಿದ್ದಾಗ ಏನಾಗುತ್ತದೆ? ಅದಕ್ಕೆ ಆನ್ ಬ್ರಾಡ್‌ಸ್ಟ್ರೀಟ್ ಅವರನ್ನು ಓದಬೇಕು. ವಿನ್‌ಥ್ರಪ್ ಜೊತೆ 1630ರಲ್ಲೇ ಬಂದವರು, ಎಂಟು ಮಕ್ಕಳ ತಾಯಿ. ಅವರಿಗೆ ಗೊತ್ತಿಲ್ಲದಂತೆ ತಂಗಿಯ ಗಂಡ ಅವರ ಕವಿತೆಗಳ ಹಸ್ತಪ್ರತಿಯನ್ನು ಲಂಡನ್‌ಗೆ ಒಯ್ದು 1650ರಲ್ಲಿ ಅಚ್ಚು ಹಾಕಿಸಿದರು. ಆದರೆ ಅವರ ಅತ್ಯುತ್ತಮ ಪದ್ಯಗಳು ಆ ಪುಸ್ತಕದಲ್ಲಿಲ್ಲ, ನಂತರ ಬೆಳಕಿಗೆ ಬಂದವು.

1666ರ ಜುಲೈ 10ರಂದು ಅವರ ಮನೆ ಸುಟ್ಟುಹೋಯಿತು. ಅದರ ಬಗ್ಗೆ ಒಂದು ಪದ್ಯವನ್ನು ಬಿಡಿ ಹಾಳೆಯಲ್ಲಿ ಬರೆದರು. ರಾತ್ರಿ ಬೆಂಕಿ ಬೆಂಕಿ ಅನ್ನುವ ಕೂಗಿಗೆ ಎಚ್ಚರವಾಗುತ್ತದೆ. ಹೊರಗೆ ಬಂದು ಉರಿಯುವುದನ್ನು ನೋಡುತ್ತಾರೆ. ನೋಡಲು ಆಗದಾದಾಗ, ಕೊಟ್ಟವನೂ ಅವನೇ, ತೆಗೆದುಕೊಂಡವನೂ ಅವನೇ ಅಂತ ದೇವರ ಹೆಸರನ್ನು ಹೊಗಳುತ್ತಾರೆ. ಧರ್ಮ ಹೇಳುವುದೂ ಅಷ್ಟೇ. ಪದ್ಯ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಮುಗಿಯುವುದಿಲ್ಲ. ನಂತರ ಆ ಜಾಗದ ಪಕ್ಕ ಹಾದುಹೋಗುವಾಗಲೆಲ್ಲ ಕಣ್ಣು ಅತ್ತಲೇ ಹೋಗುತ್ತದೆ. ಇಲ್ಲಿ ಆ ಟ್ರಂಕ್ ಇತ್ತು, ಅಲ್ಲಿ ಆ ಪೆಟ್ಟಿಗೆ. ಇನ್ನು ಈ ಸೂರಿನಡಿ ನೆಂಟರು ಕೂರುವುದಿಲ್ಲ, ಮೇಜಿನಲ್ಲಿ ಊಟ ಇಲ್ಲ, ಮೇಣದಬತ್ತಿ ಇಲ್ಲ, ಮದುಮಗನ ದನಿ ಇಲ್ಲ. ಆಮೇಲೆ ತಮ್ಮನ್ನು ತಾವೇ ಗದರಿಕೊಂಡು, ದೇವರು ಕಟ್ಟಿದ ಮೇಲಿನ ಮನೆಯ ಕಡೆ ಮನಸ್ಸು ತಿರುಗಿಸುತ್ತಾರೆ. ಕೊನೆಯಲ್ಲಿ ‘ನಾನು ಈ ಲೋಕವನ್ನು ಪ್ರೀತಿಸುವುದಿಲ್ಲ’ ಅಂತ ಹೇಳುವುದಿಲ್ಲ. ಇನ್ನು ಪ್ರೀತಿಸದ ಹಾಗೆ ಮಾಡು ಅಂತ ಬೇಡಿಕೊಳ್ಳುತ್ತಾರೆ. ಪ್ರೀತಿ ಹೋಗಿದ್ದರೆ ಬೇಡುವ ಅಗತ್ಯವೇ ಇರಲಿಲ್ಲ.

ಮಕ್ಕಳಿಗೆಂದು ಬರೆದ ಪತ್ರದಲ್ಲಿ ಅವರು ಇನ್ನೂ ನೇರವಾಗಿದ್ದಾರೆ. ದೇವರು ಇದ್ದಾನೋ ಇಲ್ಲವೋ ಅನ್ನುವ ಅನುಮಾನ ಎಷ್ಟೋ ಸಲ ಕಾಡಿತು, ನಾವು ವಿರೋಧಿಸುವ ಕ್ಯಾಥೊಲಿಕ್ ಧರ್ಮವೇ ಯಾಕೆ ಸರಿಯಿರಬಾರದು ಅಂತಲೂ ಅನ್ನಿಸಿತು ಎಂದು ಬರೆಯುತ್ತಾರೆ. ಅದಕ್ಕೆ ಉತ್ತರವನ್ನೂ ಕಂಡುಕೊಳ್ಳುತ್ತಾರೆ. ಆದರೆ ಪ್ರಶ್ನೆಯನ್ನು ಮಕ್ಕಳಿಂದ ಬಚ್ಚಿಡಲಿಲ್ಲ. ಪ್ಯೂರಿಟನ್ನರು ಅನುಮಾನವೇ ಇಲ್ಲದವರು ಅಂತ ಉತ್ತರಪತ್ರಿಕೆಯಲ್ಲಿ ಬರೆಯುವವರಿಗೆ ನಾನು ಮೊದಲು ಕೊಡುವುದು ಈ ಪತ್ರವನ್ನು.

ಅದೇ ಕಣ್ಣು ಪರರ ಕಡೆ ತಿರುಗಿದಾಗ ಆದದ್ದನ್ನೂ ಮುಚ್ಚಿಡಬಾರದು. 1637ರಲ್ಲಿ ಮಿಸ್ಟಿಕ್ ಅನ್ನುವ ಕಡೆ ಅಲ್ಲಿನ ಮೂಲನಿವಾಸಿಗಳಾದ ಪೀಕಾಟ್ ಜನರ ಕೋಟೆಯೊಳಗಿನ ಹಳ್ಳಿಗೆ ವಸಾಹತಿನವರು ಬೆಂಕಿ ಇಟ್ಟರು. ಹೆಂಗಸರು, ಮಕ್ಕಳು ಬೆಂದುಹೋದರು. ಪ್ಲಿಮತ್‌ನ ಗವರ್ನರ್ ವಿಲಿಯಂ ಬ್ರಾಡ್‌ಫೋರ್ಡ್ ತಮ್ಮ ಇತಿಹಾಸದಲ್ಲಿ ಸತ್ತವರು ಸುಮಾರು 400 ಅನ್ನುತ್ತಾರೆ. ಆ ದೃಶ್ಯವೂ ವಾಸನೆಯೂ ಘೋರವಾಗಿತ್ತು ಅಂತ ಒಪ್ಪುತ್ತಾರೆ. ಅದೇ ಉಸಿರಿನಲ್ಲಿ, ಆ ಗೆಲುವು ದೇವರಿಗೆ ಸಿಹಿಯಾದ ಬಲಿಯಂತೆ ತೋರಿತು ಅಂತಲೂ ಬರೆಯುತ್ತಾರೆ. ಮೇಫ್ಲವರ್‌ನ ಜನ ಪಟ್ಟ ಪಾಡನ್ನು ಅಷ್ಟು ಮರುಕದಿಂದ ಬರೆದ ಕೈಯೇ ಇದನ್ನೂ ಬರೆದದ್ದು. ಸ್ವಂತ ಮನೆ ಸುಟ್ಟಾಗ ಅನುಮಾನ ಹುಟ್ಟುತ್ತದೆ, ಶತ್ರುವಿನ ಹಳ್ಳಿ ಸುಟ್ಟಾಗ ಹುಟ್ಟುವುದಿಲ್ಲ. ಎಲ್ಲದರಲ್ಲೂ ದೇವರ ಕೈ ಕಾಣುವ ನಂಬಿಕೆಗೆ ನನ್ನ ದೊಡ್ಡ ತಕರಾರು ಇದೇ. ಈ ಪುಟವನ್ನು ಪಾಠದಿಂದ ಬಿಟ್ಟುಬಿಟ್ಟರೆ ಪ್ಯೂರಿಟನ್ನರನ್ನು ಓದಿಸಿದಂತೆ ಆಗುವುದಿಲ್ಲ.

ಇವೆಲ್ಲ ಹಳೆಯ ಪಠ್ಯಗಳು, ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಓದುವ ಮನಸ್ಸಿದ್ದರೆ ಬ್ರಾಡ್‌ಸ್ಟ್ರೀಟ್ ಅವರ ಪತ್ರದಿಂದ ಶುರು ಮಾಡಿ, ಆಮೇಲೆ ಮನೆ ಸುಟ್ಟ ಪದ್ಯ, ಆಮೇಲೆ ಬ್ರಾಡ್‌ಫೋರ್ಡ್. ಜೋನಾಥನ್ ಎಡ್ವರ್ಡ್ಸ್ ಅವರ ನರಕದ ಪ್ರವಚನವನ್ನೇ ಮೊದಲು ಓದಿಸುವ ರೂಢಿ ಬಹಳ ಕಡೆ ಇದೆ. ಅದು 1741ರದ್ದು, ಮೇಫ್ಲವರ್ ಬಂದು 121 ವರ್ಷ ಆದ ಮೇಲಿನ ಮಾತು. ಅದನ್ನು ಕೊನೆಗೆ ಇಟ್ಟುಕೊಳ್ಳಿ.