ಪದ ಪರಿಚಯ: ಮೆಡಿಕಲ್ ಮಿಷನ್ ಟ್ರಿಪ್

ಉಡುಪಿಯಲ್ಲಿ ಆಟೋ ಹತ್ತಿ ‘ಮಿಷನ್ ಆಸ್ಪತ್ರೆ’ ಎಂದರೆ ಸಾಕು, ಬೇರೆ ಗುರುತು ಹೇಳಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಆಸ್ಪತ್ರೆ ಅದು. ಮೈಸೂರಿನವರಿಗೂ ಗದಗ-ಬೆಟಗೇರಿಯವರಿಗೂ ಅವರವರ ಮಿಷನ್ ಆಸ್ಪತ್ರೆಗಳಿವೆ. ಹಾಗಾಗಿ ಕನ್ನಡದ ಕಿವಿಗೆ ‘ಮಿಷನ್’ ಹೊಸ ಮಾತಲ್ಲ. ಅದನ್ನು ಕೇಳಿದರೆ ಹಳೆಯ ಹೆಂಚಿನ ಕಟ್ಟಡ, ಹೆರಿಗೆ ವಾರ್ಡು, ಅಜ್ಜಿಯ ಕಾಲದ ನರ್ಸಮ್ಮ ನೆನಪಾಗುತ್ತಾರೆ. ಆದರೆ ಅಮೆರಿಕದಲ್ಲಿ ಓದುತ್ತಿರುವ ಅಣ್ಣನ ಮಗಳು ಫೋನಿನಲ್ಲಿ, ‘ಚಿಕ್ಕಪ್ಪ, ಮಾರ್ಚಿನ ರಜೆಯಲ್ಲಿ ಮಧ್ಯ ಅಮೆರಿಕದ ಹೊಂಡುರಾಸಿಗೆ ಮೆಡಿಕಲ್ ಮಿಷನ್ ಟ್ರಿಪ್ ಹೋಗುತ್ತಿದ್ದೇನೆ’ ಎಂದರೆ ಆ ಮಿಷನ್ ಬೇರೆ. ವೈದ್ಯರೂ ವಿದ್ಯಾರ್ಥಿಗಳೂ ತಂಡ ಕಟ್ಟಿಕೊಂಡು ಬಡ ದೇಶವೊಂದಕ್ಕೆ ಹೋಗಿ, ಉಚಿತ ಚಿಕಿತ್ಸೆ ಕೊಟ್ಟು ಮರಳುವ ಪ್ರವಾಸ ಅದು. ಅದರ ಆಯಸ್ಸು ಏಳೆಂಟು ದಿನ.

‘ಮಿಷನ್’ ಲ್ಯಾಟಿನ್ ಮೂಲದ ಪದ, ‘ಕಳುಹಿಸು’ ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಚರ್ಚು ದೂರದೇಶಕ್ಕೆ ಕಳುಹಿಸಿದ ಕೆಲಸ ಮಿಷನ್ ಆಯಿತು, ಹೋದವರು ಮಿಷನರಿಗಳಾದರು. ಅಮೆರಿಕದ ವೈದ್ಯ ಜಾನ್ ಸ್ಕಡರ್ 1819ರಲ್ಲಿ ಸಿಲೋನಿಗೆ ಹಡಗು ಹತ್ತಿದರು, ಮುಂದೆ ಮದ್ರಾಸಿಗೆ ಬಂದರು. ಅವರ ಮೊಮ್ಮಗಳು ಐಡಾ ಸ್ಕಡರ್ 1918ರಲ್ಲಿ ವೆಲ್ಲೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆದರು. ಇಂದಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಳೆದದ್ದು ಅದರಿಂದಲೇ. ಧರ್ಮಪ್ರಚಾರ ಅವರ ಉದ್ದೇಶಗಳಲ್ಲಿ ಒಂದಾಗಿತ್ತು ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ಅವರು ಬಂದದ್ದು ಬಾಳು ಸವೆಸಲು. ವಿಮಾನ ಪ್ರಯಾಣ ಕೈಗೆಟುಕುವಂತಾದ ಮೇಲೆ ಅದೇ ಪದದ ಬೆನ್ನಿಗೆ ‘ಟ್ರಿಪ್’ ಅಂಟಿಕೊಂಡಿತು. ಇಂದು ಹಲವು ತಂಡಗಳಿಗೆ ಚರ್ಚಿನ ನಂಟೂ ಇಲ್ಲ, ಹೆಸರು ಮಾತ್ರ ಉಳಿದಿದೆ. ಮಧ್ಯ ಅಮೆರಿಕದ ಜನ ಇದನ್ನು ‘ಬ್ರಿಗಾದಾ’, ಅಂದರೆ ಬ್ರಿಗೇಡ್, ಎನ್ನುತ್ತಾರೆ.

ನಮ್ಮಲ್ಲಿ ಇದಕ್ಕೆ ತೀರ ಹತ್ತಿರದ ಮಾತು ‘ಶಿಬಿರ’. ಉಚಿತ ಆರೋಗ್ಯ ತಪಾಸಣಾ ಶಿಬಿರದ ಬ್ಯಾನರ್ ನೋಡದ ತಾಲ್ಲೂಕು ಕರ್ನಾಟಕದಲ್ಲಿ ಇರಲಾರದು. ಹೊಂಡುರಾಸಿನ ಹಳ್ಳಿಯಲ್ಲೂ ಅದೇ ನೋಟ. ಶಾಲೆಯ ಕೊಠಡಿಗಳೇ ಚಿಕಿತ್ಸಾಲಯ. ತಂಡದ ಬಸ್ ಬಂದು ನಿಲ್ಲುವಷ್ಟರಲ್ಲಿ ತಾಯಂದಿರು, ಮುದುಕರು, ಕಂಕುಳ ಕೂಸುಗಳು ಸಾಲುಗಟ್ಟಿರುತ್ತಾರೆ. ಮೊದಲ ಕೊಠಡಿಯಲ್ಲಿ ಹೆಸರು, ವಯಸ್ಸು, ತೊಂದರೆ ಬರೆದುಕೊಳ್ಳುತ್ತಾರೆ. ಎರಡನೆಯದರಲ್ಲಿ ತೂಕ, ಜ್ವರ, ಬಿಪಿ; ವಿದ್ಯಾರ್ಥಿಗಳಿಗೆ ಹೆಚ್ಚು ಕೆಲಸ ಇರುವುದು ಇಲ್ಲೇ. ಆಮೇಲೆ ವೈದ್ಯರು, ಪಕ್ಕದಲ್ಲಿ ಸ್ಪ್ಯಾನಿಷ್ ಬಲ್ಲ ದುಭಾಷಿ. ಬೆನ್ನುನೋವು, ಹೊಟ್ಟೆಯುರಿ, ಮಕ್ಕಳ ಜಂತುಹುಳು, ಸೌದೆ ಒಲೆಯ ಹೊಗೆ ಕುಡಿದು ಬಂದ ಕೆಮ್ಮು. ಹೊರಗೆ ಜಗಲಿಯ ಮೇಲೆ ಮಕ್ಕಳಿಗೆ ಹಲ್ಲುಜ್ಜುವ ಪಾಠ. ಕೊನೆಯ ಕೊಠಡಿ ಔಷಧದ್ದು. ದೊಡ್ಡ ಡಬ್ಬಿಯ ಗುಳಿಗೆಗಳನ್ನು ಎಣಿಸಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿ, ಓದು ಬಾರದವರಿಗೆಂದು ಅದರ ಮೇಲೆ ಸೂರ್ಯನನ್ನೋ ಚಂದ್ರನನ್ನೋ ಬರೆಯುತ್ತಾರೆ. ಸೂರ್ಯನಿದ್ದರೆ ಬೆಳಗಿನ ಗುಳಿಗೆ, ಚಂದ್ರನಿದ್ದರೆ ರಾತ್ರಿಯದು.

ಆ ಪುಟ್ಟ ಸೂರ್ಯನಲ್ಲಿ ಅಕ್ಕರೆಯಿದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಪೊಟ್ಟಣದೊಳಗೆ ಎಷ್ಟು ಗುಳಿಗೆಗಳಿವೆ ಎಂಬುದನ್ನೂ ಎಣಿಸಬೇಕು. ಐವತ್ತೈದರ ಹೆಂಗಸೊಬ್ಬಳಿಗೆ ಬಿಪಿ 180ರ ಮೇಲಿದೆ ಎಂದು ಮೊದಲ ಸಲ ತಿಳಿಯಿತು, ಮೂವತ್ತು ದಿನಗಳ ಮಾತ್ರೆ ಸಿಕ್ಕಿತು ಎನ್ನೋಣ. ಮೂವತ್ತೊಂದನೆಯ ಬೆಳಗ್ಗೆಯೂ ಸೂರ್ಯ ಹುಟ್ಟುತ್ತಾನೆ, ಪೊಟ್ಟಣ ಬರಿದಾಗಿರುತ್ತದೆ. ಕೆಲವು ಬಿಪಿ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದರೆ ಒತ್ತಡ ಮತ್ತೆ ಮೇಲಕ್ಕೆ ಜಿಗಿಯುವುದುಂಟು. ಕಾಯಿಲೆಗಳಲ್ಲೇ ಎರಡು ಬಗೆಯಿದೆ. ಒಮ್ಮೆ ಕೈಯಿಟ್ಟರೆ ಬಹುಪಾಲು ತೀರಿಹೋಗುವಂಥವು ಕೆಲವು: ಕಣ್ಣಿನ ಪೊರೆ, ಸೀಳುತುಟಿ. ‘ಕಣ್ಣು ಕೊಟ್ಟ ಅಣ್ಣ’ ಎಂದು ಜನ ಕರೆದ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರಗಳಲ್ಲೇ ಅಷ್ಟೊಂದು ಜನರಿಗೆ ದೃಷ್ಟಿ ಮರಳಿಸಲು ಸಾಧ್ಯವಾದದ್ದು ಪೊರೆ ಆ ಬಗೆಯದಾಗಿದ್ದರಿಂದ. ಬಿಪಿ, ಸಕ್ಕರೆ ಕಾಯಿಲೆ ಹಾಗಲ್ಲ, ಅವು ರೋಗಿಯ ಜೊತೆಗೇ ವಯಸ್ಸಾಗುತ್ತವೆ. ಅವುಗಳಿಗೆ ಬೇಕಾದದ್ದು ಮುಂದಿನ ತಿಂಗಳೂ ಬಾಗಿಲು ತೆರೆದಿರುವ ಒಂದು ಆರೋಗ್ಯ ಕೇಂದ್ರ.

ಇನ್ನೊಂದು ಗೊಂದಲ ‘ವೈದ್ಯಕೀಯ ವಿದ್ಯಾರ್ಥಿ’ ಎಂಬ ಮಾತಿನದು. ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ನೇರ ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಮೆಡಿಕಲ್ ಕಾಲೇಜು. ಆ ಪದವಿಯ ಹಂತದಲ್ಲಿದ್ದು ವೈದ್ಯರಾಗುವ ಕನಸು ಕಟ್ಟಿಕೊಂಡವರು ‘ಪ್ರಿ-ಮೆಡ್’ ವಿದ್ಯಾರ್ಥಿಗಳು. ಇಂಥ ತಂಡಗಳಲ್ಲಿ ಅವರೂ ದೊಡ್ಡ ಸಂಖ್ಯೆಯಲ್ಲಿರುತ್ತಾರೆ. ನಮ್ಮ ಲೆಕ್ಕದಲ್ಲಿ ಅವರು ಬಿಎಸ್ಸಿ ಓದುವ ಮಕ್ಕಳು. ಬ್ರಿಟನ್ನಿನ ‘ಎಲೆಕ್ಟಿವ್’ ಬೇರೆ ಸಂಗತಿ: ಅಲ್ಲಿ ಕೊನೆಯ ಹಂತದ ವೈದ್ಯಕೀಯ ವಿದ್ಯಾರ್ಥಿ ಪಠ್ಯಕ್ರಮದ ಭಾಗವಾಗಿಯೇ ಕೆಲವು ವಾರ ತಾನು ಆರಿಸಿಕೊಂಡ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಕಲಿಯುತ್ತಾನೆ. ಆಸ್ಪತ್ರೆ ಹೊರದೇಶದ್ದೂ ಆಗಿರಬಹುದು.

ಬಿಳಿ ಕೋಟು ತೊಟ್ಟ ಇಪ್ಪತ್ತರ ಹುಡುಗನನ್ನು ಹಳ್ಳಿಯ ಅಜ್ಜಿ ‘ಡಾಕ್ಟರೇ’ ಎಂದು ಕರೆಯುತ್ತಾಳೆ. ಅವನು ತಿದ್ದುವುದಿಲ್ಲ. ಜನಸಂದಣಿ ಹೆಚ್ಚಿದ್ದಾಗ ಯಾರೋ ಅವನ ಕೈಗೆ ಸೂಜಿ ಕೊಡುತ್ತಾರೆ. ತಪ್ಪು ಶುರುವಾಗುವುದು ಹೀಗೆ, ಕೆಟ್ಟ ಮನಸ್ಸಿನಿಂದಲ್ಲ. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ 2011ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅದರ ತಿರುಳು ಸರಳ: ನಿನ್ನ ದೇಶದಲ್ಲಿ ಯಾವ ಕೆಲಸಕ್ಕೆ ನಿನಗೆ ತರಬೇತಿಯೂ ಅನುಮತಿಯೂ ಇಲ್ಲವೋ ಅದನ್ನು ಬೇರೆ ದೇಶದ ಬಡವರ ಮೈಮೇಲೆ ಮಾಡಬೇಡ. ಬಿಪಿ ನೋಡು, ಬರೆದುಕೋ, ಗಮನಿಸು, ಕೇಳು. ಹಲ್ಲು ಕೀಳುವುದು, ಹೊಲಿಗೆ ಹಾಕುವುದು, ಔಷಧ ಬರೆಯುವುದು ನಿನ್ನ ಕೆಲಸವಲ್ಲ. ‘ಅಲ್ಲಿ ಏನೂ ಇಲ್ಲವಲ್ಲ, ಇಷ್ಟಾದರೂ ಆಗಲಿ’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ಅಜ್ಜಿಗೆ ಬೇಡವಾದ ಕೈ ಆ ಊರಿನ ಅಜ್ಜಿಗೆ ಹೇಗೆ ಸರಿಯಾದೀತು?

ಈ ಮಾತು ಇಂದಿನದಲ್ಲ. 1968ರ ಏಪ್ರಿಲಿನಲ್ಲಿ, ಮೆಕ್ಸಿಕೋಗೆ ಸೇವೆಗೆಂದು ಹೊರಟ ಅಮೆರಿಕನ್ ವಿದ್ಯಾರ್ಥಿಗಳ ಮುಂದೆ ನಿಂತು, ಪಾದ್ರಿಯೂ ಚಿಂತಕರೂ ಆಗಿದ್ದ ಇವಾನ್ ಇಲಿಚ್ ಮುಖಕ್ಕೆ ಹೊಡೆದಂತೆ ಹೇಳಿದರು: ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ. ನನಗೆ ಅದು ಅತಿಯಾದ ಮಾತು ಎನ್ನಿಸುತ್ತದೆ. ಆದರೆ ‘ಕಲಿಯಲು ಬನ್ನಿ’ ಎಂಬುದರಲ್ಲಿ ವಿದ್ಯಾರ್ಥಿಯ ನಿಜವಾದ ಸ್ಥಾನ ಇದೆ.

ಹೊಂಡುರಾಸಿನಲ್ಲೇ ಇದಕ್ಕೆ ತಿರುಗುಮುರುಗಾದ ಪ್ರಯಾಣವೂ ನಡೆದಿದೆ. 1998ರ ಮಿಚ್ ಚಂಡಮಾರುತ ಆ ದೇಶವನ್ನು ಜರ್ಜರಿತಗೊಳಿಸಿದಾಗ ಕ್ಯೂಬಾ ವೈದ್ಯರ ತಂಡಗಳನ್ನು ಕಳುಹಿಸಿತು. ಅಷ್ಟಕ್ಕೇ ನಿಲ್ಲದೆ, 1999ರಲ್ಲಿ ಹವಾನಾದಲ್ಲಿ ಲ್ಯಾಟಿನ್ ಅಮೆರಿಕದ ಬಡ ಮಕ್ಕಳಿಗಾಗಿ ವೈದ್ಯಕೀಯ ಕಾಲೇಜು ತೆರೆಯಿತು. ಅಲ್ಲಿ ಓದಿದ, ಆಫ್ರಿಕನ್ನರ ಮತ್ತು ಕೆರಿಬಿಯನ್ ಮೂಲನಿವಾಸಿಗಳ ವಂಶದ ಗರಿಫುನಾ ಸಮುದಾಯದ ಯುವ ವೈದ್ಯರು ಹೊಂಡುರಾಸಿನ ತಮ್ಮ ಊರಿಗೆ ಮರಳಿ, ಕರಾವಳಿಯ ಸಿರಿಬೋಯಾ ಎಂಬ ಹಳ್ಳಿಯಲ್ಲಿ ತಮ್ಮವರಿಗಾಗಿ ಆಸ್ಪತ್ರೆ ಕಟ್ಟಿದರು. ಅವರೂ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳೇ.

ಹಾಗಾದರೆ ಅಣ್ಣನ ಮಗಳು ಹೋಗಬಾರದೇ? ಹೋಗಲಿ. ಹಣ ಕಟ್ಟುವ ಮೊದಲು ಆಯೋಜಕರನ್ನು ಒಂದೆರಡು ಮಾತು ಕೇಳಲಿ. ಅಲ್ಲಿನ ನೋಂದಾಯಿತ ವೈದ್ಯರು ಯಾರು ಇರುತ್ತಾರೆ? ದುಭಾಷಿ ಆ ಊರಿನವರೇ? ಎರಡನೆಯ ಕೊಠಡಿಯಲ್ಲಿ ಅವಳು ಬಿಪಿ ಬರೆದುಕೊಟ್ಟ ಚೀಟಿ, ಬಸ್ ಹೊರಟ ಮೇಲೆ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದ ಕಡತಕ್ಕೆ ಸೇರುತ್ತದೆಯೇ, ಇಲ್ಲ ತಂಡದ ಸೂಟ್‌ಕೇಸಿನಲ್ಲಿ ವಿಮಾನ ಹತ್ತುತ್ತದೆಯೇ?