ಒಂದೇ ಭಟ್ಟಿ, ಪೀಪಾಯಿಗೊಂದು ರುಚಿ

ಅಮೆರಿಕದ ಕೆಂಟಕಿ ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ. ಅಲ್ಲಿನ ಗೋದಾಮುಗಳಲ್ಲಿ ಮಲಗಿರುವ ಬರ್ಬನ್ ವಿಸ್ಕಿಯ ಪೀಪಾಯಿಗಳು ಒಂದು ಕೋಟಿಗೂ ಹೆಚ್ಚು. ತಲೆಗೆರಡರಂತೆ ಹಂಚಿದರೂ ಮಿಕ್ಕುತ್ತವೆ. ಈ ರಾಶಿಯಲ್ಲಿ ಒಂದೇ ಒಂದು ಪೀಪಾಯಿಯನ್ನು ರುಚಿ ನೋಡಿ ಆರಿಸಿ, ಪೂರ್ತಿಯಾಗಿ ಕೊಂಡುಬಿಡುವ ಹುಚ್ಚು ಅಲ್ಲಿ ಜೋರಾಗಿದೆ. ಗೆಳೆಯರು ಸೇರಿ ದುಡ್ಡು ಹಾಕಿಕೊಳ್ಳುತ್ತಾರೆ. ಡಿಸ್ಟಿಲರಿಗೆ ಹೋಗಿ ನಾಲ್ಕಾರು ಪೀಪಾಯಿಗಳ ರುಚಿ ನೋಡುತ್ತಾರೆ, ಒಂದಕ್ಕೆ ಕೈ ತೋರಿಸುತ್ತಾರೆ. ಕೆಲವು ವಾರಗಳೋ ತಿಂಗಳುಗಳೋ ಆದಮೇಲೆ ತಮ್ಮ ಗುಂಪಿನ ಹೆಸರಿನ ಚೀಟಿ ಅಂಟಿಸಿಕೊಂಡ ನೂರೈವತ್ತು, ಇನ್ನೂರು ಬಾಟಲಿಗಳು ಬರುತ್ತವೆ.

ಸಾಮಾನ್ಯವಾಗಿ ನಡುವೆ ಒಬ್ಬ ಅಂಗಡಿಯವನು ಇರಲೇಬೇಕು. 1933ರಲ್ಲಿ ಪಾನನಿಷೇಧ ತೆಗೆದಾಗ ಅಮೆರಿಕದ ಹೆಚ್ಚಿನ ರಾಜ್ಯಗಳು ತಯಾರಕ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ ಅಂತ ಮೂರು ಮೆಟ್ಟಿಲು ಕಟ್ಟಿದವು. ಹಾಗಾಗಿ ಕಾಗದದ ಮೇಲೆ ಪೀಪಾಯಿ ಕೊಳ್ಳುವವನು ಅಂಗಡಿಯವನು. ಗೆಳೆಯರು ಅವನಿಂದ ಬಾಟಲಿ ಕೊಳ್ಳುತ್ತಾರೆ, ಅಷ್ಟೇ.

ಒಂದೇ ಕಾಳು, ಒಂದೇ ಭಟ್ಟಿ, ಒಂದೇ ದಿನ ತುಂಬಿದ ಎರಡು ಪೀಪಾಯಿಗಳ ರುಚಿ ನಿಜವಾಗಿ ಬೇರೆ ಇರುತ್ತದಾ? ಇಲ್ಲ, ಇದೆಲ್ಲ ಸುಮ್ನೆ ವ್ಯಾಪಾರದ ಆಟವಾ? ವ್ಯತ್ಯಾಸ ಖಂಡಿತ ನಿಜ. ಅದರ ಹಿಂದೆ ಗಟ್ಟಿ ರಸಾಯನಶಾಸ್ತ್ರ ಇದೆ. ಅನುಮಾನ ಪಡಬೇಕಾದದ್ದು ಪೀಪಾಯಿಯ ಮೇಲಲ್ಲ, ಅದನ್ನು ಆರಿಸಲು ಕೂತ ನಮ್ಮ ಮೂಗು ನಾಲಿಗೆಗಳ ಮೇಲೆ.

ವಿಸ್ಕಿ ಕಂಪನಿಗಳಿಗೆ ಈ ವ್ಯತ್ಯಾಸ ಬಹುಕಾಲ ತಲೆನೋವಾಗಿತ್ತು. ಹೋದ ಸಲ ಕೊಂಡ ಬಾಟಲಿಯ ರುಚಿಯೇ ಈ ಸಲವೂ ಬರಬೇಕು, ಅಲ್ವಾ? ಅದಕ್ಕೆ ನೂರಾರು ಪೀಪಾಯಿಗಳನ್ನು ಒಟ್ಟಿಗೆ ಸುರಿದು ಏರುಪೇರನ್ನು ಮುಚ್ಚಿಬಿಡುತ್ತಿದ್ದರು. ಈಗಲೂ ಬಹುಪಾಲು ಬಾಟಲಿಗಳ ಕಥೆ ಇದೇ. 1984ರಲ್ಲಿ ಎಲ್ಮರ್ ಟಿ. ಲೀ ಎಂಬ ಹಿರಿಯ ಡಿಸ್ಟಿಲರ್ 'ಬ್ಲಾಂಟನ್ಸ್' ಹೆಸರಿನಲ್ಲಿ ಒಂದೊಂದೇ ಪೀಪಾಯಿಯ ಬರ್ಬನ್ನನ್ನು ಬೇರೆಬೇರೆಯಾಗಿ ಬಾಟಲಿಗೆ ತುಂಬಿ ಮಾರುಕಟ್ಟೆಗೆ ಬಿಟ್ಟರು. ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಕೊರತೆಗೇ ಜಾಸ್ತಿ ಬೆಲೆ ಬಂತು. ಗೆಳೆಯರ ಗುಂಪುಗಳು ಇವತ್ತು ಕೊಳ್ಳುತ್ತಿರುವುದು ಆ ಏರುಪೇರನ್ನೇ.

ಬರ್ಬನ್‌ಗೆ ಅಮೆರಿಕದ ಕಾನೂನು ಹಾಕಿರುವ ಕಟ್ಟಳೆ ಚೊಕ್ಕವಾಗಿದೆ. ಕಾಳಿನಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಪೀಪಾಯಿಗೆ ಸುರಿಯುವಾಗ ಆಲ್ಕೋಹಾಲ್ ಶೇ. 62.5 ಮೀರಬಾರದು. ಬಣ್ಣವನ್ನಾಗಲಿ ರುಚಿಯನ್ನಾಗಲಿ ಹೊರಗಿನಿಂದ ಸೇರಿಸುವಂತಿಲ್ಲ. ನಮ್ಮಲ್ಲಿ ಕಾಕಂಬಿಯ ಸ್ಪಿರಿಟ್‌ಗೆ ಬಣ್ಣ ಬೆರೆಸಿಯೂ ವಿಸ್ಕಿ ಅನ್ನಬಹುದು. ಅಲ್ಲಿ ಹಾಗಿಲ್ಲ. ಭಟ್ಟಿಯಿಂದ ಇಳಿದಾಗ ಬರ್ಬನ್ ನೀರಿನಷ್ಟೇ ತಿಳಿ. ಆಮೇಲೆ ಬಂದ ಕೆಂಪು, ಕಂದು ಎಲ್ಲವೂ ಮರದ್ದೇ.

ಆ ಮರ ಅಮೆರಿಕದ ಬಿಳಿ ಓಕ್. ಇದರ ಹಲಗೆಯಲ್ಲಿ ನೀರು ಸಾಗಿಸುತ್ತಿದ್ದ ನಾಳಗಳು ಮರ ಬಲಿತಂತೆ ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಆದ್ದರಿಂದಲೇ ಪೀಪಾಯಿ ಸೋರುವುದಿಲ್ಲ. ಹಲಗೆಗಳನ್ನು ಬಾಗಿಸಿ, ಕಬ್ಬಿಣದ ಪಟ್ಟಿ ಹಾಕಿ, ಒಳಗೆ ಬೆಂಕಿ ಬಿಡುತ್ತಾರೆ. ಒಂದು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಜೋರಾಗಿ ಸುಟ್ಟರೆ ಒಳಮೈ ಮೊಸಳೆ ಚರ್ಮದಂತೆ ಬಿರಿಯುತ್ತದೆ. ಈ ಕರಿ ಪದರ ಹೊಸ ಸ್ಪಿರಿಟ್‌ನ ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ರುಚಿಯ ಖಜಾನೆ ಇರುವುದು ಅದರ ಹಿಂದೆ, ಸುಡದೆ ಬರೀ ಕಾದು ಕೆಂಪಾದ ಪದರದಲ್ಲಿ. ಅಲ್ಲಿ ಮರದ ಹೆಮಿಸೆಲ್ಯುಲೋಸ್ ಒಡೆದು ಸಕ್ಕರೆಯಾಗಿ, ಸುಟ್ಟ ಸಕ್ಕರೆಯ ರುಚಿ ಹುಟ್ಟುತ್ತದೆ. ಲಿಗ್ನಿನ್ ಒಡೆದರೆ ವೆನಿಲಿನ್ ಬರುತ್ತದೆ. ವೆನಿಲಾ ಐಸ್‌ಕ್ರೀಮ್‌ನಲ್ಲಿ ಪರಿಮಳ ಕೊಡುವ ಅಣುವೇ ಅದು. ಲವಂಗದ ಘಮ ಕೊಡುವ ಯೂಜೆನಾಲ್, ಕೊಬ್ಬರಿಯ ವಾಸನೆಯ ಲ್ಯಾಕ್ಟೋನ್, ನಾಲಿಗೆಗೆ ಒಗರು ತರುವ ಟ್ಯಾನಿನ್ ಕೂಡ ಇದೇ ಹಲಗೆಯಿಂದ ಬರುತ್ತವೆ.

ಯಾವುದು ಎಷ್ಟು ಅನ್ನುವುದು ಮರದಿಂದ ಮರಕ್ಕೆ ಬೇರೆ. ಒಂದು ಪೀಪಾಯಿಗೆ ಸುಮಾರು ಮೂವತ್ತು ಹಲಗೆ ಬೇಕು. ಅವು ಸಾಮಾನ್ಯವಾಗಿ ಬೇರೆ ಬೇರೆ ಮರದವು. ಯಾವ ಮರ ಎಲ್ಲಿ ಬೆಳೆದಿತ್ತು, ಎಷ್ಟು ಬೇಗ ಬೆಳೆದಿತ್ತು ಅಂತ ಹಲಗೆ ಜೋಡಿಸುವವನು ಕೇಳುತ್ತಾ ಕೂರುವುದಿಲ್ಲ. ಹಾಗಾಗಿ ಪಕ್ಕಪಕ್ಕದ ಎರಡು ಪೀಪಾಯಿಗಳೂ ಮೊದಲ ದಿನದಿಂದಲೇ ಬೇರೆ ಬೇರೆ.

ಬಫಲೋ ಟ್ರೇಸ್ ಡಿಸ್ಟಿಲರಿ 1999ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿತು. ಮಿಸೌರಿಯ ಕಾಡಿನಿಂದ 96 ಓಕ್ ಮರಗಳನ್ನು ಆರಿಸಿ, ಪ್ರತಿ ಮರದ ಬುಡದ ಭಾಗಕ್ಕೊಂದು, ಮೇಲಿನ ಭಾಗಕ್ಕೊಂದು ಪೀಪಾಯಿ ಮಾಡಿದರು. ಒಟ್ಟು 192. ಮೆಕ್ಕೆಜೋಳದ ಜೊತೆಗೆ ರೈ ಎಂಬ ಕಾಳು ಅಥವಾ ಗೋಧಿ, ಪೀಪಾಯಿಗೆ ಸುರಿಯುವಾಗಿನ ಆಲ್ಕೋಹಾಲ್ ಬಲ, ಸುಡುವ ಮಟ್ಟ, ಹಲಗೆ ಒಣಗಿಸಿದ ಅವಧಿ, ಗೋದಾಮಿನ ಬಗೆ, ಬುಡವೋ ತುದಿಯೋ, ಇವು ಎರಡೆರಡು ಬಗೆ. ಮರದ ಎಳೆಯ ದಪ್ಪ ಮೂರು ಬಗೆ. ಗುಣಿಸಿ ನೋಡಿ, ಸರಿಯಾಗಿ 192 ಬರುತ್ತದೆ. 2011ರಿಂದ 2015ರವರೆಗೆ ಕಂತುಕಂತಾಗಿ ಬಾಟಲಿ ಬಿಟ್ಟು, ಕುಡಿದವರಿಂದಲೇ ಅಂಕ ಹಾಕಿಸಿದರು. ಗೆದ್ದದ್ದು 80ನೇ ನಂಬರಿನ ಪೀಪಾಯಿ. ಸುದ್ದಿಯೆಲ್ಲ ಅದರದ್ದೇ ಆಯಿತು.

ನನಗೆ ಆ ಗೆಲುವು ಅಷ್ಟೇನೂ ಹೇಳುವುದಿಲ್ಲ. ಪ್ರತಿ ಬಗೆಗೂ ಇದ್ದದ್ದು ಒಂದೇ ಪೀಪಾಯಿ. 80ನೇದು ಗೆದ್ದದ್ದು ಅದರ ಪಾಕದಿಂದಲೋ, ಆ ಮರದ ಅದೃಷ್ಟದಿಂದಲೋ ಬಿಡಿಸಿ ಹೇಳಲು ಆಗುವುದಿಲ್ಲ. ಅದೇ ಪಾಕದ ಇನ್ನೂ ಹತ್ತು ಪೀಪಾಯಿ ಇದ್ದಿದ್ದರೆ ಮಾತು ಬೇರೆ. ಈ ಪ್ರಯೋಗದ ನಿಜವಾದ ಬೆಲೆ ಇರುವುದು ಬುಡದ 96 ಪೀಪಾಯಿಗಳ ಸರಾಸರಿಯನ್ನು ತುದಿಯ 96ರ ಸರಾಸರಿಯ ಪಕ್ಕ ಇಟ್ಟು ನೋಡುವುದರಲ್ಲಿ. ಅದು ಪತ್ರಿಕೆಯ ತಲೆಬರಹ ಆಗುವುದಿಲ್ಲ ಬಿಡಿ.

ಮರ ಆಯಿತು, ಇನ್ನು ಜಾಗ. ಕೆಂಟಕಿಯ ಹಳೆಯ ಗೋದಾಮುಗಳು ಆರೇಳು ಅಂತಸ್ತಿನ ಕಟ್ಟಡಗಳು. ಒಳಗೆ ಮರದ ಚೌಕಟ್ಟು, ಹೊರಗೆ ಹಲವಕ್ಕೆ ತಗಡಿನ ಹೊದಿಕೆ. ಹೊರಗೋಡೆಗಳು ಕಪ್ಪುಹಿಡಿದಿರುತ್ತವೆ, ಹೊಗೆಯಿಂದಲ್ಲ. ಗಾಳಿಯಲ್ಲಿ ಸೇರುವ ಆಲ್ಕೋಹಾಲ್ ಆವಿಯನ್ನೇ ಉಂಡು ಬೆಳೆಯುವ ಬಾಡೋಯಿನಿಯಾ ಎಂಬ ಬೂಷ್ಟು ಅದು. ಸುತ್ತಲಿನ ಮನೆಗಳ ಗೋಡೆ, ಕಾರುಗಳ ಮೇಲೂ ಕೂರುತ್ತದೆ. ಊರವರು ಕೋರ್ಟಿಗೆ ಹೋದದ್ದೂ ಉಂಟು.

ಬೇಸಿಗೆಯಲ್ಲಿ ಮೇಲಿನ ಅಂತಸ್ತು ಕಾಯುತ್ತದೆ. ವಿಸ್ಕಿ ಹಿಗ್ಗಿ ಹಲಗೆಯೊಳಕ್ಕೆ ನುಗ್ಗುತ್ತದೆ. ಚಳಿಗಾಲದಲ್ಲಿ ಕುಗ್ಗಿ, ಮರದ ಸಾರ ಹೊತ್ತು ಹೊರಬರುತ್ತದೆ. ಮೇಲೆ ಬಿಸಿಯ ಜೊತೆ ಗಾಳಿಯೂ ಒಣ. ಒಣ ಗಾಳಿಯಲ್ಲಿ ಹಲಗೆಯ ಮೂಲಕ ಆಲ್ಕೋಹಾಲಿಗಿಂತ ನೀರು ಬೇಗ ಹೋಗುತ್ತದೆ, ಉಳಿದದ್ದರ ಬಲ ಏರುತ್ತದೆ. ಕೆಳಗಿನ ಅಂತಸ್ತು ತಂಪು, ತೇವ ಜಾಸ್ತಿ. ಅಲ್ಲಿ ನೀರು ಹೊರಹೋಗಲು ಹಿಂದೇಟು ಹಾಕುತ್ತದೆ, ಆಲ್ಕೋಹಾಲ್ ಹೋಗುತ್ತಲೇ ಇರುತ್ತದೆ, ಬಲ ಇಳಿಯಬಹುದು. ಶೇ. 62.5ರಲ್ಲಿ ಶುರುವಾದದ್ದು ಮೇಲಟ್ಟದಲ್ಲಿ ಒಮ್ಮೊಮ್ಮೆ ಶೇ. 70 ದಾಟುವುದೂ ಉಂಟು. ಅಷ್ಟಾದರೆ ಪ್ರಯಾಣಿಕರು ಅದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ!

ಇನ್ನು ರುಚಿ ನೋಡುವ ಹೊತ್ತು. ಅಡ್ಡ ಮಲಗಿದ ಪೀಪಾಯಿಯ ಹೊಟ್ಟೆಯ ಮೇಲೆ ಮರದ ಬಿರಡೆ ಬಡಿದಿರುತ್ತದೆ. ಅದನ್ನು ಕೀಳುವುದಿಲ್ಲ. ಬಿರಡೆಯ ಎರಡೂ ಪಕ್ಕ ಸುತ್ತಿಗೆಯಿಂದ ಹಲಗೆಗೆ ಹೊಡೆಯುತ್ತಾರೆ, ಹಲಗೆ ಅದುರಿ ಬಿರಡೆ ತಾನಾಗಿ ಮೇಲೆದ್ದು ಬರುತ್ತದೆ. ಉದ್ದನೆಯ ತಾಮ್ರದ ಕೊಳವೆ ಇಳಿಸಿ, ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತಿದರೆ ವಿಸ್ಕಿ ಒಳಗೇ ನಿಲ್ಲುತ್ತದೆ. ಬೆರಳು ತೆಗೆದರೆ ಲೋಟಕ್ಕೆ ಬೀಳುತ್ತದೆ. ಕೆಳಗಿನಿಂದ ಗಾಳಿಯ ಒತ್ತಡ ತಡೆಯುತ್ತದೆ, ಅಷ್ಟೇ ಗುಟ್ಟು. ಸುಟ್ಟ ಇದ್ದಿಲಿನ ಚೂರುಗಳೂ ಲೋಟದಲ್ಲಿ ತೇಲುತ್ತಿರುತ್ತವೆ.

ಒಂದು ಗುಟುಕು ಇಟ್ಟರೆ ಬಾಯಿ ಉರಿಯುತ್ತದೆ. ಇದಕ್ಕೂ ಕಾರಣ ಇದೆ. ಮೆಣಸಿನಕಾಯಿಯ ಖಾರವನ್ನು ಹಿಡಿಯುವ ನರದ ಗ್ರಾಹಕವೇ ಬಿಸಿಯನ್ನೂ ಹಿಡಿಯುತ್ತದೆ. ಸಾಮಾನ್ಯವಾಗಿ ಅದು ಸುಮಾರು 42 ಡಿಗ್ರಿಯಲ್ಲಿ ಎಚ್ಚೆತ್ತುಕೊಳ್ಳುತ್ತದೆ. ಆಲ್ಕೋಹಾಲ್ ತಾಕಿದರೆ ಆ ಮಟ್ಟ ಸುಮಾರು 34ಕ್ಕೆ ಇಳಿಯುತ್ತದೆ ಅಂತ 2002ರಲ್ಲಿ ಕಂಡುಕೊಂಡರು. ಅಂದರೆ ನಮ್ಮ ಬಾಯಿಯ ಸ್ವಂತ ಬಿಸಿಯೇ ನಮಗೆ ಉರಿಯಾಗಿ ಕಾಣುತ್ತದೆ. ಹೀಗೆ ಕೆಣಕಿದ ನಾಲಿಗೆಯಲ್ಲಿ ಮೊದಲ ಸ್ಯಾಂಪಲ್‌ಗೂ ನಾಲ್ಕನೆಯದಕ್ಕೂ ನ್ಯಾಯ ಒಂದೇ ಆಗಿರಲು ಸಾಧ್ಯವಿಲ್ಲ.

ಸ್ವಲ್ಪ ನೀರು ಸೇರಿಸಿ. 'ಅಸಲಿ ರುಚಿ ಹಾಳಾಗುತ್ತೆ' ಅನ್ನುವ ಗೆಳೆಯನ ಮಾತು ಕೇಳಬೇಡಿ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಹೊಗೆಯ ಘಮದ ಗ್ವಾಯಕಾಲ್ ಎಂಬ ಅಣುವನ್ನು ಕಂಪ್ಯೂಟರಿನಲ್ಲಿ ಹಿಂಬಾಲಿಸಿದರು. ಆಲ್ಕೋಹಾಲ್ ಶೇ. 45ರವರೆಗೆ ಇದ್ದಾಗ ಅದು ದ್ರವದ ಮೇಲ್ಮೈಗೆ, ಮೂಗಿನ ಹತ್ತಿರಕ್ಕೆ ಬರುತ್ತದೆ. ಶೇ. 59 ದಾಟಿದರೆ ಆಲ್ಕೋಹಾಲ್ ಅಣುಗಳ ನಡುವೆ ಸಿಕ್ಕಿ ಒಳಗೇ ಉಳಿಯುತ್ತದೆ. ಪೀಪಾಯಿಯಿಂದ ನೇರ ಬಂದ ವಿಸ್ಕಿಯ ಬಲ ಬಹಳ ಸಲ ಈ ಎರಡನೇ ಕಡೆಗೇ ಇರುತ್ತದೆ.

ಪ್ರಮಾಣದ ಲೆಕ್ಕವೂ ಇರಲಿ. ಆರು ಸ್ಯಾಂಪಲ್, ತಲಾ 15 ಎಂ.ಎಲ್. ಅಂದರೆ ನಮ್ಮ ಕಡೆಯ ಒಂದು ನೈಂಟಿ. ಆದರೆ ನಮ್ಮ ನೈಂಟಿಯ ಬಲ ಶೇ. 42.8, ಇದರದ್ದು ಶೇ. 60. ನಾಲ್ಕು ಸ್ಮಾಲ್ ಒಳಗೆ ಹೋದ ಹಾಗಾಯಿತು. ಆಮೇಲೆ ಯಾರು ಯಾವ ಪೀಪಾಯಿ ತೋರಿಸಿದರೂ ಚೆಂದವೇ. ಪಳಗಿದವರು ಬಾಯಾಡಿಸಿ ಉಗುಳಿಬಿಡುತ್ತಾರೆ.

ಇನ್ನೂ ದೊಡ್ಡ ಅಡ್ಡಿ ತಲೆಯೊಳಗಿದೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ವೈನ್ ಕುಡಿಸಿದರು. ಒಂದೇ ವೈನನ್ನು ಒಮ್ಮೆ 10 ಡಾಲರಿನದು, ಇನ್ನೊಮ್ಮೆ 90 ಡಾಲರಿನದು ಅಂದರು. 90 ಅಂದಾಗ ಜಾಸ್ತಿ ಹಿಡಿಸಿತು ಅಂತ ಜನ ಹೇಳಿದರು. ಅಷ್ಟೇ ಅಲ್ಲ, ಹಿತವನ್ನು ದಾಖಲಿಸುವ ಮೆದುಳಿನ ಭಾಗವೂ ಜಾಸ್ತಿ ಮಿಡಿಯಿತು. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಹೆಚ್ಚು ಖುಷಿಪಟ್ಟರು. ಹಾಗಿರುವಾಗ 'ಈ ಪೀಪಾಯಿ ಹನ್ನೊಂದು ವರ್ಷದ್ದು, ಇದು ಏಳನೇ ಅಂತಸ್ತಿನದು' ಅಂತ ಮೊದಲೇ ಕಿವಿಗೆ ಬಿದ್ದರೆ ನಾಲಿಗೆಯ ತೀರ್ಪು ಅಲ್ಲಿಗೇ ಮುಗಿಯಿತು.

ಗೆಳೆಯರ ಗುಂಪಿನಲ್ಲಿ ಇದು ಇನ್ನೂ ಹೆಚ್ಚು. ಗುಂಪಿನಲ್ಲಿ ಒಬ್ಬ ಬಲ್ಲವ ಇದ್ದೇ ಇರುತ್ತಾನೆ. ಅವನು ಮೂಗು ಇಟ್ಟು 'ಆಹಾ, ಒಣ ಚೆರ್ರಿ' ಅಂದರೆ ಉಳಿದವರಿಗೂ ಚೆರ್ರಿಯೇ ಸಿಗುತ್ತದೆ. ಮದ್ದು ಸುಲಭ. ವಯಸ್ಸು, ಅಂತಸ್ತು, ಬಲ ಯಾವುದನ್ನೂ ಹೇಳಬಾರದು ಅಂತ ಡಿಸ್ಟಿಲರಿಯವರಿಗೆ ಮೊದಲೇ ಹೇಳಿ. ಒಂದೇ ಬಗೆಯ ಲೋಟ, ಬರೀ ನಂಬರು. ಒಬ್ಬೊಬ್ಬರಿಗೆ ಒಂದೊಂದು ಕ್ರಮದಲ್ಲಿ ಕೊಡಿ. ಎಲ್ಲರೂ ಬರೆದು ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ಎಲ್ಲಕ್ಕಿಂತ ಮುಖ್ಯ, ಒಂದು ಪೀಪಾಯಿಯದನ್ನು ಎರಡು ನಂಬರಿನಲ್ಲಿ ಕದ್ದು ಇಡಿ. ಅದೇ ವಿಸ್ಕಿಗೆ ಒಬ್ಬ ಒಮ್ಮೆ ಒಂಬತ್ತು, ಇನ್ನೊಮ್ಮೆ ಐದು ಕೊಟ್ಟರೆ ಅವನ ಮಿಕ್ಕ ಅಂಕಗಳಿಗೆ ಎಷ್ಟು ತೂಕ ಅಂತ ಗೊತ್ತಾಗುತ್ತದೆ. ಬಲ್ಲವನ ಮೇಲೆ ಇದನ್ನು ಪ್ರಯೋಗಿಸುವಾಗ ಸ್ವಲ್ಪ ಜಾಗ್ರತೆ.

ನಾಲಿಗೆ ಬೇಡ, ಕಣ್ಣಿಗೇ ವ್ಯತ್ಯಾಸ ಕಾಣಬೇಕು ಅನ್ನುವವರಿಗೆ ಕೆಂಟಕಿಯಲ್ಲೇ ಒಂದು ಚೆಂದದ ಕೆಲಸ ನಡೆದಿದೆ. ಲೂಯಿವಿಲ್ ವಿಶ್ವವಿದ್ಯಾಲಯದ ಸ್ಟುವರ್ಟ್ ವಿಲಿಯಮ್ಸ್ ಮತ್ತು ಜೊತೆಗಾರರು ನೀರು ಬೆರೆಸಿದ ಬರ್ಬನ್‌ನ ಒಂದು ಸಣ್ಣ ಹನಿಯನ್ನು ಗಾಜಿನ ಮೇಲೆ ಒಣಗಲು ಬಿಟ್ಟರು. ಸೂಕ್ಷ್ಮದರ್ಶಕದಲ್ಲಿ ಜೇಡರ ಬಲೆಯಂಥ ಗೆರೆಗಳು ಕಂಡವು. ಸುಟ್ಟ ಹೊಸ ಓಕ್‌ನಿಂದ ಬಂದ ಆವಿಯಾಗದ ಅಣುಗಳು ಹನಿಯ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತವೆ. ಹನಿ ಕುಗ್ಗುತ್ತಿದ್ದಂತೆ ಆ ಪೊರೆ ಮಡಿಕೆ ಬಿದ್ದು ಗೆರೆಯಾಗುತ್ತದೆ. ಬೇರೆ ಬೇರೆ ವಿಸ್ಕಿಗೆ ಬೇರೆ ಬೇರೆ ಬಲೆ. ಸ್ಕಾಚ್‌ನಲ್ಲಿ ಇಂಥ ಬಲೆ ಕಾಣಲಿಲ್ಲ. ಅದು ಹೆಚ್ಚಾಗಿ ಹಳೆಯ ಪೀಪಾಯಿಯಲ್ಲಿ ಮಾಗುತ್ತದಲ್ಲ, ಮರದ ಸಾರ ಅಷ್ಟು ಇರುವುದಿಲ್ಲ.

ಆರಿಸಿದ ಮೇಲೆ ಕೈಗೆ ಎಷ್ಟು ಬರುತ್ತದೆ? ತುಂಬಿದ್ದು ಸುಮಾರು 200 ಲೀಟರ್. ಕೆಂಟಕಿಯಲ್ಲಿ ವರ್ಷಕ್ಕೆ ಸುಮಾರು ಶೇ. 4 ಆವಿಯಾಗಿ ಹೋಗುತ್ತದೆ ಅಂದುಕೊಳ್ಳಿ. ಎಂಟು ವರ್ಷಕ್ಕೆ 144 ಲೀಟರ್ ಉಳಿಯಿತು, ಅಂದರೆ 750 ಎಂ.ಎಲ್.ನ 192 ಬಾಟಲಿ. ಅದರಲ್ಲಿ ಮರ ಕುಡಿದದ್ದು ಕಳೆಯಬೇಕು. ಇದೇ ಲೆಕ್ಕ ಬೆಂಗಳೂರಿನಲ್ಲಿ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. 2004ರಲ್ಲಿ ಗ್ಲಾಸ್ಗೋದಲ್ಲಿ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ ನಮ್ಮ ಅಮೃತ್ ಡಿಸ್ಟಿಲರೀಸ್ ಇರುವುದು ಮೈಸೂರು ರಸ್ತೆಯ ಕಂಬೀಪುರದಲ್ಲಿ. ಅಲ್ಲಿ ವರ್ಷಕ್ಕೆ ಶೇ. 10ರಿಂದ 12 ಹೋಗುತ್ತದೆ. ಶೇ. 11 ಹಿಡಿದರೂ ಎಂಟು ವರ್ಷಕ್ಕೆ 80 ಲೀಟರ್ ಉಳಿಯುವುದಿಲ್ಲ. ಹೀಗೆ ಆವಿಯಾಗಿ ಹೋದದ್ದನ್ನು ವಿಸ್ಕಿಯವರು 'ದೇವತೆಗಳ ಪಾಲು' ಅನ್ನುತ್ತಾರೆ. ಎಂಟು ವರ್ಷ ಮಾಗಿಸಿದ ತಮ್ಮ ಒಂದು ವಿಸ್ಕಿಗೆ ಅವರು 'ಗ್ರೀಡಿ ಏಂಜಲ್ಸ್' (ದುರಾಸೆಯ ದೇವತೆಗಳು) ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ.

ಖಾಲಿ ಪೀಪಾಯಿಗೆ ಕೆಂಟಕಿಯಲ್ಲಿ ಮತ್ತೆ ಬರ್ಬನ್ ತುಂಬುವಂತಿಲ್ಲ, ಹೊಸದೇ ಬೇಕು ಅಂತ ಕಾನೂನು. ಅದಕ್ಕೇ ಅವು ಲಕ್ಷಗಟ್ಟಲೆ ಸ್ಕಾಟ್‌ಲೆಂಡಿಗೆ ಹೋಗುತ್ತವೆ. ಅಮೃತ್‌ನ ಮಾಲ್ಟ್ ಮಾಗುವುದೂ ಬಹುಪಾಲು ಇಂಥ ಬರ್ಬನ್ ಪೀಪಾಯಿಗಳಲ್ಲೇ. ಪೀಪಾಯಿ ಕೊಂಡ ಗೆಳೆಯರ ಗುಂಪಿಗೆ ಖಾಲಿ ಪೀಪಾಯಿಯನ್ನೂ ಕೊಟ್ಟುಬಿಡುವ ರೂಢಿ ಇದೆ. ಹಲಗೆಯಲ್ಲಿ ಇನ್ನೂ ಹಲವು ಲೀಟರ್ ವಿಸ್ಕಿ ಇಂಗಿರುತ್ತದೆ. ಒಂದಿಷ್ಟು ಬಿಸಿನೀರು ಹಾಕಿ ಬಿರಡೆ ಬಡಿದು, ಆಗಾಗ ಉರುಳಿಸುತ್ತಾ ವಾರಗಟ್ಟಲೆ ಬಿಟ್ಟರೆ ಅದರಲ್ಲಿ ಸ್ವಲ್ಪ ವಾಪಸ್ ಬರುತ್ತದೆ. ಮನೆಯ ಮೂಲೆಯಲ್ಲಿ ಅಲಂಕಾರಕ್ಕೆ ಇಟ್ಟರೆ ಕೆಲವು ತಿಂಗಳಲ್ಲಿ ಹಲಗೆ ಒಣಗಿ ಕುಗ್ಗುತ್ತದೆ, ಕಬ್ಬಿಣದ ಪಟ್ಟಿಗಳು ಜಾರುತ್ತವೆ. ಪಟ್ಟಿಗೆ ಮೊದಲೇ ನಾಲ್ಕು ಸ್ಕ್ರೂ ಹಾಕಿಸಿಬಿಡುವುದು ಒಳ್ಳೆಯದು.