ಡ್ರೈವರ್ ಬರೆಯುವವರಿಗೆ ಬೇಕಾದ ಕಾಗದಪತ್ರ

ಹಳೆಯ ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟ್‌ನ ಹಿಂದೆ ಕೆಲಸ ಮಾಡುತ್ತಿದ್ದ 16550 ಎಂಬ ಚಿಪ್‌ಗೆ ಸೆಕೆಂಡಿಗೆ 9600 ಬಿಟ್‌ಗಳ ವೇಗ ಹೊಂದಿಸಬೇಕೆಂದರೆ ವೇಗ ನಿಯಂತ್ರಣಕ್ಕೆ ಮೀಸಲಾದ ವಿಳಾಸವೇ ಅದರಲ್ಲಿ ಇಲ್ಲ. ಮೊದಲು ಲೈನ್ ಕಂಟ್ರೋಲ್ ರಿಜಿಸ್ಟರ್‌ನ (ರಿಜಿಸ್ಟರ್ ಎಂದರೆ ಚಿಪ್‌ನೊಳಗಿನ ಪುಟ್ಟ ಸಂಗ್ರಹಸ್ಥಾನ) ಮೇಲ್ತುದಿಯ ಬಿಟ್ಟನ್ನು 1 ಮಾಡಬೇಕು, ಆಮೇಲೆ ಮೊದಲನೆಯ ವಿಳಾಸಕ್ಕೆ 12 ಮತ್ತು ಎರಡನೆಯದಕ್ಕೆ 0 ಬರೆಯಬೇಕು (ಗರಿಷ್ಠ ವೇಗವಾದ 115200 ಅನ್ನು 12ರಿಂದ ಭಾಗಿಸಿದರೆ 9600), ಕೊನೆಗೆ ಆ ಬಿಟ್ಟನ್ನು ಮರಳಿ 0 ಮಾಡಬೇಕು. ಬಿಟ್ 0 ಇರುವಾಗಲೇ 12 ಬರೆದರೆ ಚಿಪ್ ಅದನ್ನು ರವಾನಿಸಬೇಕಾದ ಅಕ್ಷರವೆಂದೇ ಭಾವಿಸಿ ತಂತಿಗೆ ಕಳುಹಿಸಿಬಿಡುತ್ತದೆ. ಇದನ್ನು ತರ್ಕದಿಂದ ಊಹಿಸಲಾಗದು; ತಯಾರಕರ ವಿವರಣಾ ಪತ್ರದಲ್ಲಿ ಅದು ಅಚ್ಚಾಗಿದ್ದರಿಂದಲೇ ಯಾರು ಬೇಕಾದರೂ ಇದಕ್ಕೆ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶ, ಬರೆಯಬಹುದಾಯಿತು.

ಅಂಥ ಪತ್ರ ಸಿಗದಿದ್ದಾಗ ಉಳಿಯುವುದು ಗಮನಿಸುವ ದಾರಿ. ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್‌ಗಳಿಗೆ ಮುಕ್ತ ಡ್ರೈವರ್ ಕಟ್ಟಲು ಹೊರಟ ನೂವೊ ಯೋಜನೆಯವರು, ತಯಾರಕರ ಮುಚ್ಚಿದ ಡ್ರೈವರ್ ಯಾವ ರಿಜಿಸ್ಟರ್‌ಗೆ ಯಾವ ಮೌಲ್ಯ ಬರೆಯುತ್ತದೆ ಎಂಬುದನ್ನು ಸಾಲುಸಾಲಾಗಿ ದಾಖಲಿಸಿ, ಅದರಿಂದ ಅರ್ಥ ಹೆಕ್ಕುತ್ತಾ ಹೋದರು; 2010ರಲ್ಲಿ ಅವರ ಕೆಲಸ ಲಿನಕ್ಸ್ ಕರ್ನಲ್ ಸೇರಿತು. ಆದರೆ ದಾಖಲೆ ಹೇಳುವುದು ಏನು ಬರೆಯಲಾಯಿತು ಎಂಬುದನ್ನಷ್ಟೇ, ಏಕೆ ಎಂಬುದನ್ನಲ್ಲ. ಒಂದು ಬರಹಕ್ಕೂ ಇನ್ನೊಂದಕ್ಕೂ ನಡುವಿನ ವಿರಾಮ ಚಿಪ್‌ಗೆ ನಿಜಕ್ಕೂ ಅಗತ್ಯವೋ ಅಥವಾ ಆ ಡ್ರೈವರ್‌ನ ಸಾವಕಾಶವೋ ಎಂಬುದು ದಾಖಲೆಯಿಂದ ತಿಳಿಯದು.

ಎಫ್‌ಪಿಜಿಎಗಳ, ಅಂದರೆ ತಯಾರಾದ ಮೇಲೂ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ರೂಪಿಸಬಹುದಾದ ಚಿಪ್‌ಗಳ ವಿಷಯ ಇನ್ನೂ ಸ್ವಾರಸ್ಯಕರ, ಏಕೆಂದರೆ ಅಲ್ಲಿ ಗುಟ್ಟಾಗಿರುವುದು ಸರ್ಕ್ಯೂಟನ್ನೇ ರೂಪಿಸುವ ಬಿಟ್‌ಸ್ಟ್ರೀಮ್ ಕಡತದ ವಿನ್ಯಾಸ. ಲ್ಯಾಟಿಸ್ ಸಂಸ್ಥೆಯ ಐಸ್40 ಚಿಪ್‌ನ ಪ್ರತಿ ತರ್ಕಕೋಶದಲ್ಲಿ ನಾಲ್ಕು ಇನ್‌ಪುಟ್‌ಗಳ ಒಂದು ಕೋಷ್ಟಕವಿದ್ದು, ಅದನ್ನು ತುಂಬಲು 16 ಬಿಟ್ ಸಾಕು. ಆ 16 ಬಿಟ್ ಕಡತದಲ್ಲಿ ಎಲ್ಲಿ ಕುಳಿತಿವೆ ಎಂಬುದೇ ಪ್ರಶ್ನೆ. ಸರ್ಕ್ಯೂಟ್‌ನ ವಿನ್ಯಾಸದಲ್ಲಿ ಚಿಕ್ಕ ಬದಲಾವಣೆ ಮಾಡಿ, ತಯಾರಕರ ಉಪಕರಣದಿಂದ ಕಡತ ಪಡೆದು, ಯಾವ ಬಿಟ್ ಬದಲಾಯಿತೆಂದು ಹೋಲಿಸಿ ನೋಡುವ ತಾಳ್ಮೆಯ ಕೆಲಸದಿಂದ ಐಸ್‌ಸ್ಟಾರ್ಮ್ ಯೋಜನೆ 2015ರಲ್ಲಿ ಈ ನಕ್ಷೆಯನ್ನು ಬಯಲಿಗಿಟ್ಟಿತು. ಅಂದಿನಿಂದ ವಿನ್ಯಾಸದಿಂದ ಬಿಟ್‌ಸ್ಟ್ರೀಮ್‌ವರೆಗಿನ ಇಡೀ ಹಾದಿಯನ್ನು ಮುಕ್ತ ತಂತ್ರಾಂಶದಲ್ಲೇ ಸಾಗುವುದು ಸಾಧ್ಯವಾಗಿದೆ.

ಇಷ್ಟೆಲ್ಲ ಶ್ರಮ ಅನಿವಾರ್ಯವೇನಲ್ಲ. 2007ರಲ್ಲಿ ಎಎಂಡಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ವಿವರಗಳನ್ನು ತಾನಾಗಿ ಪ್ರಕಟಿಸತೊಡಗಿತು. ಮತ್ತೊಂದೆಡೆ, 2014ರಲ್ಲಿ ಬಂದ ಎನ್‌ವಿಡಿಯಾದ ಎರಡನೆಯ ಪೀಳಿಗೆಯ ಮ್ಯಾಕ್ಸ್‌ವೆಲ್ ಚಿಪ್‌ಗಳು ತಯಾರಕರ ಸಹಿಯಿರುವ ಫರ್ಮ್‌ವೇರ್ (ಚಿಪ್‌ನೊಳಗೇ ಓಡುವ ತಂತ್ರಾಂಶ) ಇಲ್ಲದೆ ತಮ್ಮ ಗಡಿಯಾರದ ವೇಗ ಏರಿಸಲು ಒಪ್ಪುವುದಿಲ್ಲ. ಯಾವ ರಿಜಿಸ್ಟರ್ ಏನು ಮಾಡುತ್ತದೆಂದು ಗೊತ್ತಿದ್ದರೂ ಮುಕ್ತ ಡ್ರೈವರ್ ಅಲ್ಲಿ ಆರಂಭದ ಮಂದ ವೇಗದಲ್ಲೇ ಉಳಿಯಬೇಕಾಯಿತು.